ಬಿಸಿಲೇರಿದಾಗ ಜಾರುವ ಹಿಮ

ಫಾಲ್ಗುಣ ಕಳೆದು ಚೈತ್ರ ಕಾಲಿಡುವ ಹೊತ್ತಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಜನ ಮಧ್ಯಾಹ್ನ ಹೊರಬೀಳಲು ಹಿಂಜರಿಯುತ್ತಾರೆ. ಅದೇ ದಿನಗಳಲ್ಲಿ ಹಿಮಾಲಯದಲ್ಲೂ ಅನುಭವಿಗಳು ಮಧ್ಯಾಹ್ನದ ದಾರಿಗೆ ಅಂಜುತ್ತಾರೆ. ಅಲ್ಲಿ ಕಾಡುವುದು ಬಿಸಿಲಿನ ಝಳವಲ್ಲ, ಬಿಸಿಲಿಗೆ ಸಡಿಲಗೊಂಡ ಹಿಮ.

‘ಹಿಮಪಾತ’ ಎಂಬ ಮಾತನ್ನು ನಾವು ಎರಡು ಅರ್ಥಗಳಲ್ಲಿ ಬಳಸುತ್ತೇವೆ. ಆಕಾಶದಿಂದ ಹಿಮ ಉದುರುವುದು ಒಂದು. ಬಿದ್ದ ಹಿಮ ಇಳಿಜಾರಿನಿಂದ ಒಮ್ಮೆಲೇ ಜಾರುವ ಹಿಮಕುಸಿತ ಇನ್ನೊಂದು. ಚಳಿಗಾಲದುದ್ದಕ್ಕೂ ಹಿಮ ಪದರ ಪದರವಾಗಿ ಕೂರುತ್ತದೆ. ವಸಂತದಲ್ಲಿ ಮೇಲಿನ ಪದರ ಕರಗಿ, ನೀರು ಒಳಗಿಳಿದು, ಪದರಗಳ ನಡುವಿನ ಹಿಡಿತವನ್ನು ಬಿಡಿಸುತ್ತದೆ. ಜಡಿಮಳೆಯಲ್ಲಿ ನೀರು ಕುಡಿದ ಮಣ್ಣಿನ ಗೋಡೆ ಕುಸಿಯುವುದನ್ನು ಕಂಡ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಅಪಾಯ ಹೆಚ್ಚು. ರಾತ್ರಿಯ ಚಳಿಗೆ ಹಿಮ ಮತ್ತೆ ಗಟ್ಟಿಯಾಗುವುದರಿಂದ ಇಂಥ ಇಳಿಜಾರುಗಳನ್ನು ನಸುಕಿನಲ್ಲೇ ದಾಟುವುದು ಬೆಟ್ಟದವರ ರೂಢಿ.

ಬೆಚ್ಚಗಾಗಲು ವಸಂತವೇ ಬರಬೇಕೆಂದೂ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರ ಡಿಸೆಂಬರ್ 13ರಂದು, ಆಲ್ಪ್ಸ್‌ನ ಮಾರ್ಮೊಲಾಡ ಪರ್ವತದಲ್ಲಿ ಆಸ್ಟ್ರಿಯಾ ಸೈನಿಕರ ಬಿಡಾರದ ಮೇಲೆ ಹಿಮ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಭಾರಿ ಹಿಮ ಬಿದ್ದ ಮೇಲೆ ಹವೆ ದಿಢೀರನೆ ಬೆಚ್ಚಗಾಗಿತ್ತು. ಬಿಡಾರದ ಜಾಗ ಬದಲಿಸಬೇಕೆಂದು ಅಲ್ಲಿನ ಅಧಿಕಾರಿ ಮೊದಲೇ ಕೇಳಿಕೊಂಡಿದ್ದರು. ಮೇಲಿನವರು ಒಪ್ಪಿರಲಿಲ್ಲ.

ನಮ್ಮ ಸೇನೆ ‘ಮೇಘದೂತ’ ಕಾರ್ಯಾಚರಣೆಯಲ್ಲಿ ಸಿಯಾಚಿನ್ ಏರಿದ್ದು 1984ರ ಏಪ್ರಿಲ್ 13ರಂದು. ಅಂದಿನಿಂದ ಅಲ್ಲಿ ಗುಂಡಿಗಿಂತ ಹವಾಮಾನಕ್ಕೆ ಬಲಿಯಾದವರೇ ಹೆಚ್ಚು. ಎದುರು ಪಾಳೆಯದ ಕಥೆಯೂ ಅದೇ. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಪಾಕಿಸ್ತಾನದ ಸೇನಾನೆಲೆಯ 140 ಜನ ಹಿಮದಡಿ ಸಮಾಧಿಯಾದರು.

ಕನ್ನಡನಾಡಿಗೆ ಈ ನೋವು ಹತ್ತಿರ ಬಂದದ್ದು 2016ರಲ್ಲಿ. ಇನ್ನೂ ಚಳಿಗಾಲವಿದ್ದ ಫೆಬ್ರುವರಿ 3ರಂದು, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ನೀರ್ಗಲ್ಲಿನ ಗೋಡೆಯೇ ಉರುಳಿ ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಹಿಮದಡಿ ಸಿಕ್ಕವರು ಅರ್ಧ ಗಂಟೆಯ ಮೇಲೆ ಬದುಕುವುದೇ ಅಪರೂಪ. ಆದರೂ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತ ಸಿಕ್ಕರು. ಡೇರೆಯೊಳಗೆ ಉಳಿದಿದ್ದ ಒಂದಿಷ್ಟು ಗಾಳಿ ಅವರ ಉಸಿರು ಹಿಡಿದಿತ್ತು. ಇಡೀ ನಾಡು ಹರಕೆ ಹೊತ್ತಿತು. ಫೆಬ್ರುವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು.

ಹಿಮದ ಮುನ್ಸೂಚನೆಗೆಂದೇ 1969ರಲ್ಲಿ ಮನಾಲಿಯಲ್ಲಿ ರಕ್ಷಣಾ ಇಲಾಖೆಯ ಸಂಸ್ಥೆಯೊಂದು ಹುಟ್ಟಿತು. 2020ರಲ್ಲಿ ಅದು ಇನ್ನೊಂದರೊಡನೆ ಸೇರಿ ಹೊಸ ಹೆಸರು ಪಡೆಯಿತು. 2025ರ ಫೆಬ್ರುವರಿ 28ರಂದು ಬದರಿನಾಥದಾಚೆಯ ಮಾಣಾದಲ್ಲಿ ರಸ್ತೆ ಕಾರ್ಮಿಕರ ಬಿಡಾರದ ಮೇಲೆ ಹಿಮ ಕುಸಿಯುವ ಹಿಂದಿನ ಸಂಜೆಯೇ ಅದು ಚಮೋಲಿ ಜಿಲ್ಲೆಗೆ ಎಚ್ಚರಿಕೆ ಕೊಟ್ಟಿತ್ತು. ಸಿಕ್ಕಿಬಿದ್ದ 54 ಜನರಲ್ಲಿ 46 ಮಂದಿ ಉಳಿದರು, ಎಂಟು ಮಂದಿ ಸತ್ತರು.

ಗಡಿ ಕಾಯುವವನಿಗೆ ಠಾಣೆ ಬಿಟ್ಟು ಹೋಗುವ ಆಯ್ಕೆಯಿಲ್ಲ. ಕೂಲಿಗೆ ಹೋದವನ ಬಿಡಾರವನ್ನಾದರೂ ಸುರಕ್ಷಿತ ಜಾಗಕ್ಕೆ ಸರಿಸಬಹುದು. 1916ರಲ್ಲಿ ಆ ಅಧಿಕಾರಿ ಕೇಳಿದ್ದೂ ಇಷ್ಟನ್ನೇ.