ಕಿವುಡರ ಫೋನ್ ಕರೆ: ನಿಮಿಷ ಎಣಿಸಿದ್ದು ಸಾಕು, ಮಾತು ತಲುಪಿತಾ ಅಂತ ನೋಡಿ

ಎಟಿಎಂ ಕಾರ್ಡ್ ಕಳೆದುಹೋದರೆ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸೋದು ಕಿವಿ ಕೇಳಿಸುವವರಿಗೆ ಐದು ನಿಮಿಷದ ಕೆಲಸ. ಅದೇ ಕೆಲಸಕ್ಕೆ ಕಿವುಡರು ಪಕ್ಕದ ಮನೆಯವರನ್ನೋ, ಶಾಲೆಗೆ ಹೋಗುವ ಮಕ್ಕಳನ್ನೋ ಕೇಳಿಕೊಳ್ಳಬೇಕು. ಖಾತೆಯಲ್ಲಿ ಎಷ್ಟಿದೆ, ಡಾಕ್ಟರ್ ಏನಂದ್ರು ಅನ್ನೋದೆಲ್ಲ ಮೂರನೆಯವರಿಗೆ ಗೊತ್ತಾಗಿಬಿಡುತ್ತೆ. ಈ ಹಂಗಿನಿಂದ ಬಿಡಿಸೋಕೆ ಬಂದಿದ್ದು ವಿಡಿಯೋ ರಿಲೇ ಸೇವೆ, ಅಂದ್ರೆ ವಿಆರ್‌ಎಸ್.

ಇದನ್ನು ದೊಡ್ಡ ಪ್ರಮಾಣದಲ್ಲಿ, ಕಿವುಡ ಬಳಕೆದಾರರಿಗೆ ಶುಲ್ಕ ಹಾಕದೆ ನಡೆಸುತ್ತಿರುವ ದೇಶ ಅಮೆರಿಕ. ಅಲ್ಲಿ ಈ ಸೇವೆಗೆ ಕಾಲು ಶತಮಾನ ಕಳೆದಿದೆ. ಈ ಅವಧಿಯಲ್ಲಿ ವಂಚನೆ ನಡೆದಿದೆ, ದರ ಕಡಿತವಾಗಿದೆ, ಕೋರ್ಟಿನ ಮೆಟ್ಟಿಲೂ ಹತ್ತಿದ್ದಾಗಿದೆ. ಇಷ್ಟೆಲ್ಲದರಿಂದ ತಿಳಿಯುವುದು ಒಂದೇ ಮಾತು: ಸರ್ಕಾರ ಯಾವುದಕ್ಕೆ ದುಡ್ಡು ಕೊಡುತ್ತದೋ ಕಂಪನಿಗಳು ಅದನ್ನೇ ತಯಾರಿಸುತ್ತವೆ. ನಿಮಿಷಕ್ಕೆ ಕೊಟ್ಟರೆ ನಿಮಿಷಗಳು ಹೆಚ್ಚುತ್ತವೆ. ಸಂಭಾಷಣೆ ಸರಿಯಾಗಿ ನಡೆಯಬೇಕು ಅಂದರೆ ಅದನ್ನು ಬೇರೆಯಾಗಿಯೇ ಅಳೆಯಬೇಕು.

ಕರೆ ನಡೆಯುವುದು ಹೇಗೆ?

ಕಿವುಡ ವ್ಯಕ್ತಿ ವಿಡಿಯೋ ಫೋನ್‌ನಿಂದಲೋ ಮೊಬೈಲ್ ಆ್ಯಪ್‌ನಿಂದಲೋ ಕರೆ ಮಾಡುತ್ತಾರೆ. ಪರದೆಯ ಮೇಲೆ ಸನ್ನೆ ಭಾಷೆಯ ದುಭಾಷಿ ಕಾಣಿಸಿಕೊಳ್ಳುತ್ತಾರೆ. ದುಭಾಷಿ ಆ ಕಡೆಯ ನಂಬರಿಗೆ ಮಾಮೂಲಿ ಫೋನ್ ಹಚ್ಚುತ್ತಾರೆ. ಈ ಕಡೆಯ ಸನ್ನೆ ಆ ಕಡೆಗೆ ಮಾತಾಗುತ್ತದೆ, ಆ ಕಡೆಯ ಮಾತು ಈ ಕಡೆಗೆ ಸನ್ನೆಯಾಗುತ್ತದೆ. ಕೇಳಿಸುವವರೂ ಇದೇ ದಾರಿಯಲ್ಲಿ ಕಿವುಡರಿಗೆ ಕರೆ ಮಾಡಬಹುದು. ಕರೆಯಲ್ಲಿ ಏನು ಮಾತಾಯಿತು ಅನ್ನೋದನ್ನು ದುಭಾಷಿ ಹೊರಗೆ ಹೇಳುವಂತಿಲ್ಲ, ತನ್ನ ಅಭಿಪ್ರಾಯ ಸೇರಿಸುವಂತಿಲ್ಲ.

ಇದಕ್ಕೂ ಮುಂಚೆ ಇದ್ದದ್ದು ಟಿಟಿವೈ ಎಂಬ ಟೈಪಿಂಗ್ ಯಂತ್ರ. 1964ರಲ್ಲಿ ರಾಬರ್ಟ್ ವೈಟ್‌ಬ್ರೆಕ್ಟ್ ಎಂಬ ಕಿವುಡ ಭೌತವಿಜ್ಞಾನಿ ಟೆಲಿಪ್ರಿಂಟರನ್ನು ಫೋನ್ ತಂತಿಗೆ ಜೋಡಿಸುವ ಸಾಧನ ರೂಪಿಸಿದ್ದರು. ಅದು ದೊಡ್ಡ ಹೆಜ್ಜೆಯೇ. ಆದರೆ ಅಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕಿತ್ತು. ಅಮೆರಿಕನ್ ಸನ್ನೆ ಭಾಷೆ ಇಂಗ್ಲಿಷಿನ ಕೈಸನ್ನೆ ರೂಪವಲ್ಲ, ಅದರ ವ್ಯಾಕರಣವೇ ಬೇರೆ. ಹಾಗಾಗಿ ಅನೇಕ ಕಿವುಡರ ಪಾಲಿಗೆ ಟಿಟಿವೈ ಕರೆ ಅಂದರೆ ಎರಡನೇ ಭಾಷೆಯಲ್ಲಿ ಒದ್ದಾಡೋದು. ವಿಡಿಯೋ ಬಂದ ಮೇಲೆ ತಮ್ಮದೇ ಭಾಷೆಯಲ್ಲಿ ಫೋನ್ ಮಾಡುವುದು ಸಾಧ್ಯವಾಯಿತು.

ದುಡ್ಡು ಎಲ್ಲಿಂದ?

1990ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಮೆರಿಕದಲ್ಲಿ ರಿಲೇ ಸೇವೆಯನ್ನು ಕಡ್ಡಾಯ ಮಾಡಿತು. ಕಿವುಡರಿಗೆ ಸಿಗುವ ಫೋನ್ ಸೇವೆ ಕೇಳಿಸುವವರ ಸೇವೆಗೆ ಕೆಲಸದಲ್ಲಿ ಸಮಾನವಾಗಿರಬೇಕು ಅನ್ನೋದು ಆ ಕಾನೂನಿನ ಅಳತೆಗೋಲು. 2000ರಲ್ಲಿ ದೂರಸಂಪರ್ಕ ನಿಯಂತ್ರಕ ಸಂಸ್ಥೆ ಎಫ್‌ಸಿಸಿ, ವಿಡಿಯೋ ರಿಲೇಯನ್ನೂ ಇದರಡಿ ತಂದು ವೆಚ್ಚ ಕೊಡಲು ಒಪ್ಪಿತು.

ಹಣ ನೇರವಾಗಿ ಖಜಾನೆಯಿಂದ ಬರಲ್ಲ. ಕಾನೂನಿನ ಪ್ರಕಾರ ದೂರಸಂಪರ್ಕ ಕಂಪನಿಗಳು ತಮ್ಮ ಆದಾಯದ ಒಂದು ಪಾಲನ್ನು ರಿಲೇ ನಿಧಿಗೆ ಕಟ್ಟುತ್ತವೆ. ಕೊನೆಗೆ ಆ ಹೊರೆ ಬೀಳೋದು ಫೋನ್ ಗ್ರಾಹಕರ ಬಿಲ್ಲಿನ ಮೇಲೆಯೇ. ಖಾಸಗಿ ವಿಆರ್‌ಎಸ್ ಕಂಪನಿಗಳು ತಿಂಗಳಿಗೆ ಎಷ್ಟು ನಿಮಿಷ ಕರೆ ನಡೆಸಿದೆವು ಅಂತ ಲೆಕ್ಕ ಕೊಟ್ಟು ಈ ನಿಧಿಯಿಂದ ಹಣ ಪಡೆಯುತ್ತವೆ. ಸಮಸ್ಯೆಯ ಬೇರು ಇರೋದು ಇಲ್ಲೇ.

ಸುಳ್ಳು ಕರೆಗಳ ಕಾಲ

2007ರಲ್ಲಿ ಜಾರಿಗೆ ಬಂದ ದರ ನಿಮಿಷಕ್ಕೆ 6.30ರಿಂದ 6.77 ಡಾಲರ್. ಒಂದು ಗಂಟೆಯ ಕರೆಗೆ ಹತ್ತಿರ ಹತ್ತಿರ 400 ಡಾಲರ್! 2009ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ 26 ಜನರ ಮೇಲೆ ವಂಚನೆಯ ಆರೋಪ ಹೊರಿಸಿತು. ಯಾರಿಗೂ ಬೇಡದ ಕರೆಗಳನ್ನು ದುಡ್ಡು ಕೊಟ್ಟು ಮಾಡಿಸೋದು, ರೆಕಾರ್ಡ್ ಆದ ಕಾರ್ಯಕ್ರಮಗಳಿಗೆ ಫೋನ್ ಹಚ್ಚಿ ಸುಮ್ಮನೆ ನಿಮಿಷ ಓಡಿಸೋದು, ಆಮೇಲೆ ಅದಕ್ಕೆಲ್ಲ ಬಿಲ್ ಮಾಡೋದು ಅನ್ನುವ ಆರೋಪ. ಹಲವರು ತಪ್ಪೊಪ್ಪಿಕೊಂಡರು.

ಈ ವಂಚನೆಯ ಬೆಲೆ ತೆತ್ತವರು ಸಾಮಾನ್ಯ ಕಿವುಡ ಬಳಕೆದಾರರು. ಸುಳ್ಳು ಕರೆಗೆ ಕೂತ ದುಭಾಷಿ ನಿಜವಾದ ಕರೆಗೆ ಸಿಗಲ್ಲ. ಇಡೀ ಯೋಜನೆಯೇ ದುಡ್ಡು ಹೊಡೆಯುವ ದಂಧೆ ಅನ್ನುವ ಮಾತಿಗೂ ಆಸ್ಪದ ಸಿಕ್ಕಿತು. 2011ರಲ್ಲಿ ಎಫ್‌ಸಿಸಿ ನಿಯಮ ಬಿಗಿ ಮಾಡಿತು. ಎಷ್ಟು ನಿಮಿಷ ಓಡಿಸಿದರು ಅನ್ನೋದರ ಮೇಲೆ ದುಭಾಷಿಗಳಿಗೆ ಸಂಬಳ ಕೊಡುವಂತಿಲ್ಲ ಅನ್ನೋದು ಅದರಲ್ಲಿ ಮುಖ್ಯವಾದದ್ದು.

ದರ ಇಳಿಸಿದ್ದೇ ಸುಧಾರಣೆಯಾ?

2013ರ ಸುಧಾರಣಾ ಆದೇಶ ದರವನ್ನು ಹಂತ ಹಂತವಾಗಿ ಇಳಿಸುವ ವೇಳಾಪಟ್ಟಿ ಹಾಕಿತು. ಬಳಕೆದಾರರ ಕೇಂದ್ರೀಯ ನೋಂದಣಿಗೂ ದಾರಿ ಮಾಡಿತು. ಕಂಪನಿಗಳು ನಿಧಿಯಿಂದ ತಮ್ಮ ನಿಜವಾದ ಖರ್ಚಿಗಿಂತ ಬಹಳ ಹೆಚ್ಚು ಪಡೆಯುತ್ತಿವೆ ಅನ್ನೋದು ಎಫ್‌ಸಿಸಿ ವಾದ. ದರ ಇಳಿದರೆ ಗುಣಮಟ್ಟ ಕುಸಿಯುತ್ತೆ ಅನ್ನೋದು ಕಂಪನಿಗಳ ವಾದ. ಮಾರುಕಟ್ಟೆಯ ಬಹುಪಾಲು ಹಿಡಿದಿದ್ದ ಸೊರೆನ್‌ಸನ್ ಕಂಪನಿ, ತಲೆ ಮೇಲೆ ದೊಡ್ಡ ಸಾಲ ಹೊತ್ತು 2014ರಲ್ಲಿ ದಿವಾಳಿ ರಕ್ಷಣೆ ಕೋರಿತು.

ಅದೇ ಆದೇಶ ಕರೆಗೆ ಇನ್ನೂ ಬೇಗ ಉತ್ತರಿಸಬೇಕು ಅಂತಲೂ ಹೇಳಿತ್ತು. ಹಳೆಯ ನಿಯಮದಲ್ಲಿ 80 ಶೇಕಡಾ ಕರೆಗಳಿಗೆ 120 ಸೆಕೆಂಡಿನೊಳಗೆ ಉತ್ತರಿಸಿದರೆ ಸಾಕಿತ್ತು. ಸೊರೆನ್‌ಸನ್ ಕೋರ್ಟಿಗೆ ಹೋಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ದರ ಕಡಿತವನ್ನು ಎತ್ತಿಹಿಡಿದು, ವೇಗದ ಹೊಸ ನಿಯಮವನ್ನು ರದ್ದು ಮಾಡಿತು. ದರ ಇಳಿದರೆ ಅಷ್ಟು ವೇಗ ಕೊಡೋಕಾಗುತ್ತಾ ಅನ್ನೋದನ್ನು ಎಫ್‌ಸಿಸಿ ಸರಿಯಾಗಿ ವಿವರಿಸಿಲ್ಲ ಅನ್ನೋದು ಕೋರ್ಟಿನ ನಿಲುವು. ಕೊನೆಗೆ ಉಳಿದದ್ದೇನು? ದುಡ್ಡು ಕಡಿಮೆಯಾಯಿತು, ಕಾಯುವ ಮಿತಿ ಮಾತ್ರ ಹಳೆಯದೇ ಉಳಿಯಿತು.

ನಂತರದ ವರ್ಷಗಳಲ್ಲಿ ಸಣ್ಣ ಕಂಪನಿಗಳಿಗೆ ಹೆಚ್ಚು ದರ, ದೊಡ್ಡವರಿಗೆ ಕಡಿಮೆ ದರ ಎಂಬ ಪದ್ಧತಿಯನ್ನು ಎಫ್‌ಸಿಸಿ ಮುಂದುವರಿಸಿತು. ಒಂದೇ ಕಂಪನಿಯ ಕೈಗೆ ಎಲ್ಲವೂ ಹೋಗದಿರಲಿ ಅನ್ನೋದು ಉದ್ದೇಶ. ಇದು ಬೇಕಾದದ್ದೇ. ಆದರೆ ಅಳತೆಗೋಲು ಈಗಲೂ ನಿಮಿಷವೇ.

ಪರದೆಯ ಆಚೆಗಿನ ಕೆಲಸಗಾರರು

ಚರ್ಚೆಯಲ್ಲಿ ಮರೆತೇ ಹೋಗುವವರು ದುಭಾಷಿಗಳು. ಮುಂದಿನ ಕರೆ ಪಿಜ್ಜಾ ಆರ್ಡರ್ ಇರಬಹುದು, ಕ್ಯಾನ್ಸರ್ ವರದಿ ಇರಬಹುದು, 911ಕ್ಕೆ ತುರ್ತು ಕರೆಯೂ ಇರಬಹುದು. ಮೊದಲೇ ಗೊತ್ತಿರಲ್ಲ. ಕಂಪನಿಗೆ ಹಣ ಬರೋದು ನಿಮಿಷದ ಲೆಕ್ಕದಲ್ಲಿ ಅಂದಮೇಲೆ, ಕಷ್ಟದ ಕರೆ ಮುಗಿಸಿದವರು ಸುಧಾರಿಸಿಕೊಳ್ಳೋ ಹೊತ್ತು ಲೆಕ್ಕದ ಪುಸ್ತಕದಲ್ಲಿ ಬರೀ ನಷ್ಟ. ದಣಿದ ಕೈ, ದಣಿದ ತಲೆ ತಪ್ಪು ಮಾಡುತ್ತೆ. ಔಷಧಿಯ ಪ್ರಮಾಣ ತಪ್ಪಾಗಿ ದಾಟಿದರೆ ಅನುಭವಿಸುವವರು ಕಿವುಡ ರೋಗಿ.

2017ರಲ್ಲಿ ಎಫ್‌ಸಿಸಿ ಕೆಲವು ಒಳ್ಳೆಯ ಪ್ರಯೋಗಗಳಿಗೆ ಅನುಮತಿ ಕೊಟ್ಟಿತು. ದುಭಾಷಿಗಳು ಮನೆಯಿಂದಲೇ ಕೆಲಸ ಮಾಡುವುದು ಒಂದು. ವೈದ್ಯಕೀಯ, ಕಾನೂನು ಮುಂತಾದ ಕರೆಗಳನ್ನು ಆ ವಿಷಯ ಬಲ್ಲ ದುಭಾಷಿಗೇ ಕಳಿಸುವುದು ಇನ್ನೊಂದು. ಸುಧಾರಣೆ ಸಾಗಬೇಕಾದ ದಿಕ್ಕು ಇದು.

ಬೇರೆ ದೇಶಗಳಲ್ಲಿ

ಕೆನಡಾ ಬೇರೆ ದಾರಿ ಹಿಡಿಯಿತು. ಅಲ್ಲಿ 2016ರಲ್ಲಿ ಶುರುವಾದ ಸೇವೆಯನ್ನು ನೋಡಿಕೊಳ್ಳೋದು ಒಂದೇ ಸ್ವತಂತ್ರ ಆಡಳಿತ ಸಂಸ್ಥೆ. ಹಣ ಇಲ್ಲೂ ದೂರಸಂಪರ್ಕ ಕಂಪನಿಗಳದ್ದೇ, ಆದರೆ ವರ್ಷದ ವೆಚ್ಚಕ್ಕೆ ಮಿತಿಯಿದೆ. ಇಂಗ್ಲಿಷ್ ಜೊತೆ ಅಮೆರಿಕನ್ ಸನ್ನೆ ಭಾಷೆ, ಫ್ರೆಂಚ್ ಜೊತೆ ಕ್ಯುಬೆಕ್ ಸನ್ನೆ ಭಾಷೆ, ಹೀಗೆ ಎರಡು ಜೋಡಿಗಳಲ್ಲಿ ಸೇವೆ ಸಿಗುತ್ತದೆ. ಬ್ರಿಟನ್ 2022ರ ಜೂನ್‌ನಲ್ಲಿ ತುರ್ತು ಸಂಖ್ಯೆ 999ಕ್ಕೆ ಬ್ರಿಟಿಷ್ ಸನ್ನೆ ಭಾಷೆಯ ವಿಡಿಯೋ ರಿಲೇ ಆರಂಭಿಸಿತು. ಕೆನಡಾದ್ದರಲ್ಲಿ ಕರೆ ಕದಿಯುವ ಪೈಪೋಟಿ ಇಲ್ಲ, ಹಾಗೆಯೇ ಸೇವೆ ಸರಿಯಿಲ್ಲ ಅಂತ ಬೇರೆ ಕಡೆ ಹೋಗುವ ಆಯ್ಕೆಯೂ ಇಲ್ಲ.

ಹಾಗಾದರೆ ಏನು ಬದಲಾಗಬೇಕು?

ಮೊದಲನೆಯದು, ಹಣದ ಒಂದು ಪಾಲು ಗುಣಮಟ್ಟಕ್ಕೆ ಸಿಗಬೇಕು: ನಿಖರ ಅನುವಾದ, ಕಾಯುವ ಹೊತ್ತು, ಮಧ್ಯದಲ್ಲಿ ಕಡಿದುಹೋಗುವ ಕರೆಗಳ ಲೆಕ್ಕ. ಇವನ್ನು ಕಂಪನಿ ಹೆಸರಿನೊಂದಿಗೆ ಪ್ರಕಟಿಸಬೇಕು. ಎರಡನೆಯದು, ದುಭಾಷಿಗಳ ತರಬೇತಿ ಮತ್ತು ವಿರಾಮವನ್ನು ಸೇವೆಯ ವೆಚ್ಚವೆಂದೇ ಗಣಿಸಬೇಕು. ಮೂರನೆಯದು, ದರ ನಿಗದಿ ಮಾಡುವ ಮೇಜಿನ ಸುತ್ತ ಕಿವುಡರಿಗೆ ಕುರ್ಚಿ ಇರಬೇಕು. ಗುಣಮಟ್ಟ ಅಳೆಯೋದು ಕಷ್ಟ, ನಿಮಿಷ ಎಣಿಸೋದು ಸುಲಭ ಅನ್ನೋ ಆಕ್ಷೇಪ ನಿಜವೇ. ಆದರೆ ಸುಲಭದ ಲೆಕ್ಕ ಎಲ್ಲಿಗೆ ತಂದು ನಿಲ್ಲಿಸಿತು ಅಂತ 2009ರಲ್ಲೇ ನೋಡಿಯಾಯಿತು.

ಈ ಪಾಠ ನಮಗೂ ಬೇಕು. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷ ಇರುವವರು 50 ಲಕ್ಷಕ್ಕೂ ಹೆಚ್ಚು. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟಿನ ಆನ್‌ಲೈನ್ ವಿಚಾರಣೆಯಲ್ಲಿ ಸನ್ನೆ ಭಾಷೆಯ ದುಭಾಷಿಯ ಮೂಲಕ ಹಾಜರಾದರು. 2024ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಂಡಿಸಿದರು. ಪರದೆಯ ಮೇಲೊಬ್ಬ ದುಭಾಷಿ ಇದ್ದರೆ ಏನೆಲ್ಲ ಸಾಧ್ಯ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆದರೆ ಕೋರ್ಟಿನಲ್ಲಿ ಇಂಗ್ಲಿಷ್ ನಡೆಯುತ್ತೆ. ರಾಯಚೂರಿನ ಕಿವುಡ ರೈತ ಕೃಷಿ ಕಚೇರಿಗೆ ಫೋನ್ ಮಾಡಬೇಕು ಅಂದರೆ ಭಾರತೀಯ ಸನ್ನೆ ಭಾಷೆ ಮತ್ತು ಕನ್ನಡ ಎರಡೂ ಬಲ್ಲ ದುಭಾಷಿ ಬೇಕು. ಆ್ಯಪ್ ಮಾಡಿಸೋದು ಕೆಲವು ತಿಂಗಳ ಕೆಲಸ, ದುಭಾಷಿಗಳನ್ನು ತಯಾರು ಮಾಡೋಕೆ ವರ್ಷಗಳು ಬೇಕು. ನಮ್ಮಲ್ಲಿ ಇಂಥ ಸೇವೆಗೆ ಟೆಂಡರ್ ಕರೆಯುವ ದಿನ ಬಂದಾಗ, ಕಾಗದದ ಮೊದಲ ಸಾಲಿನಲ್ಲಿ ಇರಬೇಕಾದದ್ದು ನಿಮಿಷದ ದರ ಅಲ್ಲ, ಆ ದುಭಾಷಿಗಳು ಎಲ್ಲಿಂದ ಬರುತ್ತಾರೆ ಅನ್ನುವ ಪ್ರಶ್ನೆ.