ಕೋಳಿ ಜಾಲರಿಯ ಆಂಟೆನಾ, 36,000 ಕಿ.ಮೀ. ದೂರದ ಮೇಷ್ಟ್ರು

ಭಾಗ 1

ಕರ್ನಾಟಕದಲ್ಲಿ ಟಿವಿ ಪ್ರಸಾರ ಮೊದಲು ತಲುಪಿದ್ದು ಎಲ್ಲಿಗೆ? ಬೆಂಗಳೂರು ಅಂದ್ರಾ? ನಾನೂ ಹಾಗೇ ಅಂದುಕೊಂಡಿದ್ದೆ. ತಪ್ಪು.

ಫೋಟೋದಲ್ಲಿ ಕುತ್ತಿಗೆಗೆ ವಾಲಂಟಿಯರ್ ಟ್ಯಾಗ್ ಹಾಕ್ಕೊಂಡು ಸುಮ್ ಸುಮ್ನೆ ನಗ್ತಿರೋನು ನಾನೇ. ಕಳೆದ ತಿಂಗಳು ಬೆಂಗಳೂರಲ್ಲಿ ಒಂದು ಶಿಕ್ಷಣ ತಂತ್ರಜ್ಞಾನದ ಎಕ್ಸಿಬಿಷನ್ ಇತ್ತು, ಮೂರು ದಿನ ಅಲ್ಲಿದ್ದೆ. ಹೋದದ್ದು ಸರ್ಟಿಫಿಕೇಟ್‌ಗೆ, ಮತ್ತೆ ಮಧ್ಯಾಹ್ನದ ಊಟಕ್ಕೆ. ಸುಳ್ಳು ಯಾಕೆ ಹೇಳ್ಲಿ. ನನ್ನನ್ನ ಒಂದು ಸ್ಮಾರ್ಟ್ ಬೋರ್ಡ್ ಸ್ಟಾಲ್ ಮುಂದೆ ನಿಲ್ಲಿಸಿ ಒಂದು ಸಾಲು ಬಾಯಿಪಾಠ ಮಾಡಿಸಿದ್ರು: "ಹಳ್ಳಿ ಶಾಲೆಗೆ ಸ್ಕ್ರೀನ್ ತಲುಪಿಸಿದ್ದು ನಾವೇ ಮೊದಲು."

ಎರಡನೇ ದಿನ ಒಬ್ಬರು ಮೇಷ್ಟ್ರು ಬಂದ್ರು. ಸುರಪುರದ ಕಡೆಯವರು, ಇನ್ನೆರಡು ವರ್ಷಕ್ಕೆ ರಿಟೈರ್ ಆಗ್ತಾರಂತೆ. ನನ್ನ ಸಾಲನ್ನ ಪೂರ್ತಿ ಕೇಳಿಸಿಕೊಂಡು ಅಂದ್ರು, "ತಮ್ಮಾ, ನಾ ಮೂರನೇತ್ತ ಇದ್ದಾಗ ನಮ್ಮೂರ ಸಾಲ್ಯಾಗ ಟಿವಿ ಇತ್ತು. ಉಪಗ್ರಹದಿಂದ ಬರ್ತಿತ್ತು." ನಾನು ಮನಸ್ಸಲ್ಲೇ ನಕ್ಕೆ. ಎಂಬತ್ತರ ದಶಕದ ರಾಮಾಯಣ ಸೀರಿಯಲ್ ನೆನಪನ್ನ ಕಲಸಿಕೊಂಡು ಹೇಳ್ತಿದ್ದಾರೆ ಅನ್ನಿಸ್ತು. ಅವರು ಬ್ರೋಷರ್ ತಿರುವಿ ಹಾಕ್ತಾ ಇನ್ನೊಂದು ಮಾತು ಕೇಳಿದ್ರು, "ಅದು ಒಂದ ವರ್ಷ ಇತ್ತು, ಆಮ್ಯಾಲ ಬಂದ್ ಆತು. ನಿಮ್ದು ಎಷ್ಟ ವರ್ಷ ಇರ್ತದ?"

ಬ್ರೋಷರ್‌ನಲ್ಲಿ ಲೈಸೆನ್ಸ್ ಮೂರು ವರ್ಷ ಅಂತಿತ್ತು. ಆಮೇಲೆ ಏನು ಅಂತ ನಂಗೆ ಯಾರೂ ಹೇಳ್ಕೊಟ್ಟಿರಲಿಲ್ಲ.

ಭಾಗ 2

ಸಂಜೆ ಕ್ಯಾಂಟೀನಲ್ಲಿ ಈ ಕಥೆ ಹೇಳಿದಾಗ ನಮ್ಮ ಟೇಬಲ್‌ನಲ್ಲಿದ್ದವರು ಇನ್ನಿಬ್ಬರು ವಾಲಂಟಿಯರ್‌ಗಳು. ಒಬ್ಬಳು ಎಲೆಕ್ಟ್ರಾನಿಕ್ಸ್ ಓದೋಳು, ರಾಯಚೂರಿನವಳು. ಇನ್ನೊಬ್ಬ ಬಿಎಡ್ ಮಾಡ್ತಿರೋ ಮೈಸೂರಿನ ಅಣ್ಣ. ಎರಡು ದಿನದಿಂದ ನಮ್ಮ ನಡುವೆ "ಚಾರ್ಜರ್ ಇದೆಯಾ" ಅನ್ನೋದಕ್ಕಿಂತ ಹೆಚ್ಚು ಮಾತು ಆಗಿರಲಿಲ್ಲ. ಇವಳು "ತಡಿ, ನಮ್ಮ ಅಜ್ಜಗ ಕೇಳ್ತೀನಿ" ಅಂತ ಫೋನ್ ಹಚ್ಚಿದಳು. ಸ್ಪೀಕರ್‌ನಲ್ಲಿ ಅಜ್ಜನ ಮೊದಲ ಮಾತೇ, "ಕೋಳಿ ಜಾಲರಿ ಛತ್ರಿ ಇತ್ತಲ್ಲ, ಅದಾ?"

ಅಷ್ಟೇ. ಆ ರಾತ್ರಿ ಮೂವರೂ ಇಸ್ರೋದ ಹಳೇ ವಿವರಗಳನ್ನ ಹುಡುಕ್ತಾ ಕೂತೆವು. ಮೇಷ್ಟ್ರು ಹೇಳಿದ್ದು ಅಕ್ಷರಕ್ಷರ ನಿಜ.

ಭಾಗ 3 (ಇದು ಉದ್ದ ಇದೆ, ಕಾಫಿ ತಗೊಳ್ಳಿ)

ಅದರ ಹೆಸರು ಸೈಟ್. ಬಿಡಿಸಿ ಹೇಳಿದ್ರೆ ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಗುಲ್ಬರ್ಗಾ, ರಾಯಚೂರು, ಬಿಜಾಪುರ. ಸುರಪುರ ಆಗ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು, ಈಗ ಯಾದಗಿರಿಗೆ ಸೇರಿದೆ.

ಆ ಕಾಲವನ್ನ ಸ್ವಲ್ಪ ಕಲ್ಪಿಸಿಕೊಳ್ಳಿ. ಇಡೀ ದೇಶದಲ್ಲಿ ಟಿವಿ ಇದ್ದದ್ದೇ ಬೆರಳೆಣಿಕೆಯ ನಗರಗಳಲ್ಲಿ. ಊರಿಂದೂರಿಗೆ ಟವರ್ ಕಟ್ಟುತ್ತಾ ಹೋದ್ರೆ ಹಳ್ಳಿಗಳ ಸರದಿ ಬರೋದು ಯಾವಾಗಲೋ. ವಿಕ್ರಮ್ ಸಾರಾಭಾಯಿ ಇದನ್ನ ತಲೆಕೆಳಗು ಮಾಡಿ ಯೋಚಿಸಿದ್ರು: ಮೊದಲು ಹಳ್ಳಿಗೇ ಕೊಡೋಣ, ನೇರ ಆಕಾಶದಿಂದ. 1969ರಲ್ಲಿ ನಾಸಾ ಜೊತೆ ಒಪ್ಪಂದ ಆಯ್ತು. 1971ರ ಡಿಸೆಂಬರ್‌ನಲ್ಲಿ ಸಾರಾಭಾಯಿ ತೀರಿಕೊಂಡ್ರು, ತಮ್ಮ ಯೋಚನೆ ಕೆಲಸ ಮಾಡಿದ್ದನ್ನ ನೋಡಲೇ ಇಲ್ಲ. ಮುಂದೆ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಷನ್ಸ್ ಸೆಂಟರ್‌ನಲ್ಲಿ ಯಶ್ ಪಾಲ್ ಮತ್ತು ಅವರ ತಂಡ ಅದನ್ನ ನಡೆಸಿತು.

ಉಪಗ್ರಹ ಅಮೆರಿಕದ್ದು, ಎಟಿಎಸ್-6. ನೆಲದ ಮೇಲಿನ ಕೆಲಸ ನಮ್ಮದು: ಟಿವಿ, ಆಂಟೆನಾ, ಕಾರ್ಯಕ್ರಮ, ರಿಪೇರಿ ಎಲ್ಲ. ಉಪಗ್ರಹಕ್ಕೆ ಒಂಬತ್ತು ಮೀಟರ್ ಅಗಲದ ದೊಡ್ಡ ಆಂಟೆನಾ ಇದ್ದದ್ದರಿಂದ ಅದು ಕಳಿಸೋ ಸಿಗ್ನಲ್ ಜೋರಾಗಿತ್ತು, ಹಾಗಾಗಿ ಕೆಳಗೆ ಹಳ್ಳಿಯಲ್ಲಿ ಸಣ್ಣ, ಅಗ್ಗದ ಆಂಟೆನಾ ಸಾಕಾಯ್ತು. ಇದನ್ನ ನಂಗೆ ಅರ್ಥ ಮಾಡಿಸಿದ್ದು ರಾಯಚೂರಿನ ಗೆಳತಿ, ಟಿಶ್ಯೂ ಪೇಪರ್ ಮೇಲೆ ಚಿತ್ರ ಬರೆದು (ಮೂರನೇ ಫೋಟೋ). ಹಳ್ಳಿಯದ್ದು ಹತ್ತು ಅಡಿ ಅಗಲದ ಛತ್ರಿ. ಹೊದಿಕೆ ಏನು ಗೊತ್ತಾ? ಕೋಳಿ ಗೂಡಿಗೆ ಹಾಕೋ ತಂತಿ ಜಾಲರಿ! ಅಜ್ಜ ಹೇಳಿದ್ದು ಅದನ್ನೇ. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಟಿವಿ ಬ್ಯಾಟರಿ ಮೇಲೆ ನಡೀತಿತ್ತು.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಆ ವರ್ಷ ಪೂರ್ತಿ ತುರ್ತು ಪರಿಸ್ಥಿತಿ ಇತ್ತು ಅನ್ನೋದನ್ನ ಮರೀಬೇಡಿ. ಸರ್ಕಾರ ಹೇಳಿದ್ದಷ್ಟೇ ಹಳ್ಳಿಗೆ ಕೇಳಿಸ್ತಿತ್ತು, ಹಳ್ಳಿ ತಿರುಗಿ ಪ್ರಶ್ನೆ ಕೇಳೋಕೆ ದಾರಿ ಇರಲಿಲ್ಲ.

ಭಾಗ 4

ಮಕ್ಕಳು ಕಲಿತರಾ? ಬಿಎಡ್ ಅಣ್ಣನ ತಲೇಲಿ ಇದ್ದದ್ದು ಇದೊಂದೇ ಪ್ರಶ್ನೆ.

ಬೆಳಗಿನ ಸಮಯವನ್ನ ಹಿಂದಿ, ಕನ್ನಡ, ತೆಲುಗು, ಒಡಿಯಾ ಹಂಚಿಕೊಳ್ಳಬೇಕಿತ್ತು. ಒಂದು ಭಾಷೆಗೆ ಸಿಕ್ಕದ್ದು ಇಪ್ಪತ್ತೆರಡು ನಿಮಿಷದ ಆಸುಪಾಸು. ಕನ್ನಡ ಕಾರ್ಯಕ್ರಮಗಳು ತಯಾರಾಗ್ತಿದ್ದದ್ದು ಹೈದರಾಬಾದಿನಲ್ಲಿ. ಮೇಷ್ಟ್ರು ಇದರ ಬಗ್ಗೆ ಒಂದು ಮಾತು ಹೇಳಿದ್ರು: "ಟಿವಿಯಾಗಿನ ಕನ್ನಡ ಪುಸ್ತಕದ ಕನ್ನಡ. ನಾವು ಚಿತ್ರ ನೋಡ್ತಿದ್ವಿ." ಇವತ್ತಿನ ಆ್ಯಪ್‌ಗಳಲ್ಲಿ ಕನ್ನಡ ಅಂತ ಬರೋದನ್ನ ಕೇಳಿದ್ದೀರಲ್ಲ? ಐವತ್ತು ವರ್ಷ ಆದ್ರೂ ದೂರು ಅದೇ.

ವರ್ಷದ ಕೊನೆಗೆ ಸಮೀಕ್ಷೆ ಮಾಡಿದವರಿಗೆ ಕಂಡದ್ದು ಇದು: ಮಕ್ಕಳ ಭಾಷಾ ಸಾಮರ್ಥ್ಯ ಸುಧಾರಿಸಿತ್ತು, ಆದರೆ ದಾಖಲಾತಿ ಏರಲಿಲ್ಲ, ಶಾಲೆ ಬಿಡೋದೂ ನಿಲ್ಲಲಿಲ್ಲ. ದನ ಕಾಯೋಕೆ ಹೋಗಬೇಕಾದ ಹುಡುಗನಿಗೆ ಟಿವಿ ಬಂದ್ರೂ ದನ ಕಾಯೋದು ತಪ್ಪಲಿಲ್ಲ ಅಂತ ನಾನು ಅರ್ಥ ಮಾಡಿಕೊಂಡೆ. ನಂಗೆ ಹೆಚ್ಚು ಹಿಡಿಸಿದ್ದು ಬೇರೆ ವಿಷಯ. ರಜೆಯಲ್ಲಿ ಇದೇ ಟಿವಿಗಳ ಮೂಲಕ ಸಾವಿರಾರು ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಪಾಠದ ತರಬೇತಿ ಕೊಟ್ಟಿದ್ರು. ಟಿವಿ ಹೋದ್ರೂ ಆ ಮೇಷ್ಟ್ರುಗಳು ಊರಲ್ಲೇ ಉಳಿದ್ರು ನೋಡಿ.

ಭಾಗ 5

1976ರ ಜುಲೈ 31ಕ್ಕೆ ಒಪ್ಪಂದ ಮುಗೀತು, ಎಟಿಎಸ್-6 ವಾಪಸ್ ಅಮೆರಿಕದ ಕಡೆಗೆ ಸರೀತು. ಬಿಕಾಂ ಭಾಷೆಯಲ್ಲಿ ಹೇಳೋದಾದ್ರೆ ಲೀಸ್ ಮೇಲೆ ತಂದ ಆಸ್ತಿ. ಬ್ಯಾಲೆನ್ಸ್ ಶೀಟ್‌ನಲ್ಲಿ ಉಳಿದದ್ದು ಛತ್ರಿಗಳು ಮಾತ್ರ.

ಪೂರ್ತಿ ಕತ್ತಲಾಗಲಿಲ್ಲ ಅನ್ನೋದೂ ನಿಜ. ಸೈಟ್ ನಡೆದ ಪ್ರದೇಶಗಳಿಗೆ ಅಂತ ನೆಲದ ಟ್ರಾನ್ಸ್‌ಮಿಟರ್‌ಗಳು ಬಂದವು. ಅದರಲ್ಲಿ ಒಂದು 1977ರಲ್ಲಿ ಗುಲ್ಬರ್ಗಾದಲ್ಲಿ ಶುರುವಾಯ್ತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ! ಇನ್ಮೇಲೆ ಆ ಕಡೆಯ ಗೆಳೆಯರನ್ನ "ಹಿಂದುಳಿದ ಜಿಲ್ಲೆ" ಅಂತ ಕಾಲೆಳೆಯೋ ಮೊದಲು ಇದನ್ನ ನೆನಪಿಸಿಕೊಳ್ಳಿ. ಆದರೆ ಟ್ರಾನ್ಸ್‌ಮಿಟರ್ ತಲುಪದಷ್ಟು ದೂರದ ಹಳ್ಳಿಗಳೂ ಇದ್ದವು. ಮೇಷ್ಟ್ರ ಊರು ಅಂಥದ್ದು.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1983ರಲ್ಲಿ ಇನ್ಸಾಟ್-1ಬಿ. 1984ರಿಂದ ಕಾಲೇಜು ಮಕ್ಕಳಿಗೆ ಯುಜಿಸಿಯ ಪಾಠಗಳು ದೂರದರ್ಶನದಲ್ಲಿ. 2004ರ ಸೆಪ್ಟೆಂಬರ್ 20ಕ್ಕೆ ಶಿಕ್ಷಣಕ್ಕೇ ಅಂತ ಹಾರಿದ ಎಜುಸ್ಯಾಟ್, ಅದನ್ನ ಬಳಸಿ ನಮ್ಮ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲೂ ಪಾಠ ನಡೀತು. 2010ಕ್ಕೆ ಅದರ ಆಯಸ್ಸೂ ಮುಗೀತು. ಪ್ರತಿ ಸಲವೂ "ಮೊದಲ ಬಾರಿಗೆ" ಅಂತ ಯಾರೋ ಒಬ್ಬರು ಭಾಷಣ ಮಾಡಿರ್ತಾರೆ. ಈ ಸಲ ನಾನೇ ಮಾಡಿದ್ದೆ.

ಭಾಗ 6

2020ರಲ್ಲಿ ಶಾಲೆ ಮುಚ್ಚಿದಾಗ ನಾನು ಪಾಠ ಕೇಳಿದ್ದು ಚಂದನ ವಾಹಿನಿಯಲ್ಲಿ. ಮನೆಯಲ್ಲಿ ಇದ್ದದ್ದು ಒಂದೇ ಫೋನ್, ಅದೂ ಅಪ್ಪನ ಜೊತೆ ಕೆಲಸಕ್ಕೆ ಹೋಗ್ತಿತ್ತು. ಜಗತ್ತಲ್ಲಿ ಹೀಗೆ ಓದಿದ ಮೊದಲ ಬ್ಯಾಚ್ ನಮ್ಮದೇ ಅಂತ ಆಗ ಸ್ವಯಂ ಮರುಕ ಬೇರೆ!

ಮೂರನೇ ದಿನ ನಾನು ಆ ಸಾಲು ಹೇಳಲಿಲ್ಲ. ಸ್ಟಾಲಿನವರು ಒಮ್ಮೆ ಗುರಾಯಿಸಿದ್ರು, ಅಷ್ಟೇ. ಕೇಳಿದವರಿಗೆಲ್ಲ ಲೈಸೆನ್ಸ್ ಮುಗಿದ ಮೇಲೆ ಬೋರ್ಡ್‌ನಲ್ಲಿ ಏನೇನು ಉಳಿಯುತ್ತೆ, ಏನು ಹೋಗುತ್ತೆ ಅಂತ ತಿಳ್ಕೊಂಡು ಹೇಳಿದೆ. ಮೇಷ್ಟ್ರು ಮತ್ತೆ ಬರಲಿಲ್ಲ, ಅವರ ನಂಬರ್ ತಗೊಳ್ಳೋ ಬುದ್ಧಿ ನಂಗೆ ಇರಲಿಲ್ಲ. ನಾವು ಮೂವರು ಮಾತ್ರ ಇನ್ನೂ ದಿನಾ ಮಾತಾಡ್ತೀವಿ. ಬರೋ ರಜೆಗೆ ರಾಯಚೂರಿಗೆ ಹೋಗಿ ಅಜ್ಜನ ಮಾತು ರೆಕಾರ್ಡ್ ಮಾಡೋ ಪ್ಲಾನ್ ಇದೆ. ಆ ಟಿವಿ ನೋಡಿದ ಮಕ್ಕಳಿಗೆ ಈಗ ಅರವತ್ತರ ಹತ್ತಿರ. ಸ್ವಿಚ್ ಹಾಕ್ತಿದ್ದ ಮೇಷ್ಟ್ರುಗಳಿಗೆ ಎಂಬತ್ತು ದಾಟಿರಬಹುದು.

ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ವಿಜಯಪುರ, ಬಾಗಲಕೋಟೆ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಇವತ್ತೇ ಮನೆಗೆ ಫೋನ್ ಮಾಡಿ. ಶಾಲೆ ಹತ್ತಿರ ಜಾಲರಿ ಛತ್ರಿ ಇತ್ತಾ ಅಂತ ಕೇಳಿ. ಊರ ಹೆಸರು ಕಾಮೆಂಟ್‌ನಲ್ಲಿ ಹಾಕಿ, ಪಟ್ಟಿ ಮಾಡ್ತಿದ್ದೀವಿ. ಸದ್ಯಕ್ಕೆ ಅದರಲ್ಲಿರೋದು ಎರಡೇ ಊರು.