ಬಣ್ಣದ ಡಬ್ಬಿಯ ಹುಡುಗ, ಚೌಕಳಿ ಕೋಟಿನ ಮುದುಕ

ಕಾರ್ಟೂನ್ ಪಾತ್ರಗಳ ವಸ್ತುಗಳನ್ನು ಕೂಡಿಡುವ ಹವ್ಯಾಸದ ಚರಿತ್ರೆಯಲ್ಲಿ ಮೈಸೂರಿಗೂ ಒಂದು ಅಧ್ಯಾಯ ಸಲ್ಲಬೇಕು. ಅಮೆರಿಕದಲ್ಲಿ ಈ ಚರಿತ್ರೆ ಬೆಳೆದದ್ದು ಆಟಿಕೆ ವ್ಯಾಪಾರದ ಜೊತೆಗೆ. 1930ರಲ್ಲಿ ಶಾರ್ಲೆಟ್ ಕ್ಲಾರ್ಕ್ ಮಿಕ್ಕಿ ಮೌಸ್‌ನ ಬಟ್ಟೆ ಗೊಂಬೆ ಹೊಲಿದರು. 1933ರಲ್ಲಿ ಅದೇ ಇಲಿ ಇಂಗರ್‌ಸಾಲ್ ಕೈಗಡಿಯಾರದ ಮುಖದ ಮೇಲೆ ನಿಂತಿತು. ಮಕ್ಕಳು ಕೊಂಡದ್ದನ್ನೇ ಮುಂದೆ ದೊಡ್ಡವರು ಹುಡುಕಿ ಕೂಡಿಟ್ಟರು.

ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಪಾತ್ರಗಳು ಹಿಡಿದ ದಾರಿ ಬೇರೆ. ಅವು ಆಟಿಕೆಯಂಗಡಿಗಿಂತ ಮೊದಲು ಬಣ್ಣದಂಗಡಿಗೆ ಹೋದವು.

1921ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಲಕ್ಷ್ಮಣರು ಕನ್ನಡಿಗರಿಗೆ ಪರಿಚಯವಾದದ್ದು ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಹಾಸ್ಯಪತ್ರಿಕೆಯ ಪುಟಗಳಲ್ಲಿ. ಮುಂಬಯಿ ಸೇರಿದ ಮೇಲೆ, 1954ರಲ್ಲಿ, ಏಷ್ಯನ್ ಪೇಂಟ್ಸ್‌ಗಾಗಿ ಅವರು ಒಬ್ಬ ತುಂಟ ಹುಡುಗನನ್ನು ಬರೆದುಕೊಟ್ಟರು. ಕಣ್ಣಿನ ಮೇಲೆ ಬಿದ್ದ ಕೂದಲು, ಒಂದು ಕೈಯಲ್ಲಿ ಕುಂಚ, ಇನ್ನೊಂದರಲ್ಲಿ ಬಣ್ಣದ ಡಬ್ಬಿ. ಹೆಸರಿಡಲು ಕಂಪನಿ ಸ್ಪರ್ಧೆ ನಡೆಸಿತು. ‘ಗಟ್ಟು’ ಎಂಬ ಹೆಸರು ಗೆದ್ದಿತು. ಸುಮಾರು ಐದು ದಶಕ ಡಬ್ಬಿ, ಅಂಗಡಿ ಫಲಕ, ಜಾಹೀರಾತುಗಳ ಮೇಲೆ ಅವನದೇ ಕಾರುಬಾರು. 2000ರ ದಶಕದ ಆರಂಭದಲ್ಲಿ ಕಂಪನಿ ಅವನನ್ನು ಕೈಬಿಟ್ಟಿತು. ಸಂಗ್ರಾಹಕರು ಇಂದು ಹುಡುಕುವುದು ಈ ಫಲಕ, ಡಬ್ಬಿಗಳನ್ನೇ.

ಎನಾಮಲ್ ಫಲಕದ ಅಸಲಿತನವನ್ನು ಬೆರಳಿನಿಂದಲೇ ಪರೀಕ್ಷಿಸಬಹುದು. ಕಬ್ಬಿಣದ ತಗಡಿನ ಮೇಲೆ ಗಾಜಿನ ಪುಡಿಯನ್ನು ಪದರ ಪದರವಾಗಿ ಹಾಕಿ ಕುಲುಮೆಯಲ್ಲಿ ಸುಡುವುದರಿಂದ ಬಣ್ಣಗಳ ಅಂಚು ಕೈಗೆ ತಗಲುತ್ತದೆ. ಈಚಿನ ಮುದ್ರಿತ ನಕಲಿನಲ್ಲಿ ಮೈ ಒಂದೇ ಸಮ. ಅಸಲಿ ಫಲಕದಲ್ಲಿ ಮೊಳೆ ಹೊಡೆದ ತೂತಿನ ಸುತ್ತ ಎನಾಮಲ್ ಚಕ್ಕೆ ಎದ್ದು, ಅಲ್ಲಿಂದ ತುಕ್ಕು ಹಬ್ಬಿರುತ್ತದೆ. ಅದನ್ನು ಉಜ್ಜಿ ಹೊಸ ಬಣ್ಣ ಬಳಿಯುವವರಿದ್ದಾರೆ. ಹಾಗೆ ಮಾಡಿದರೆ ಫಲಕ ಗೋಡೆಯ ಮೇಲೆ ದುಡಿದ ಕಾಲದ ದಾಖಲೆಯೇ ಅಳಿಸಿಹೋಗುತ್ತದೆ.

ಲಕ್ಷ್ಮಣರ ಇನ್ನೊಂದು ಪಾತ್ರ ‘ಶ್ರೀಸಾಮಾನ್ಯ’ನ ಕಥೆ ಇನ್ನೂ ವಿಸ್ತಾರ. 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ಬಾಯಿ ಬಿಡದೆ ಎಲ್ಲವನ್ನೂ ನೋಡುತ್ತಿದ್ದ ಈ ಪಂಚೆಯುಟ್ಟ ಮುದುಕ, ಪತ್ರಿಕೆಯ 150ನೇ ವರ್ಷದ ನೆನಪಿಗೆ 1988ರಲ್ಲಿ ಅಂಚೆಚೀಟಿ ಏರಿದ. 2001ರಲ್ಲಿ ಪುಣೆಯ ಸಿಂಬಯಾಸಿಸ್ ಆವರಣದಲ್ಲಿ ಕಂಚಿನ ಪ್ರತಿಮೆಯಾದ; ಮುಂಬಯಿಯ ವರ್ಲಿ ಕಡಲತೀರದಲ್ಲೂ ನಿಂತ. ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದ ಹಾರಿಸಿದ ಏರ್ ಡೆಕ್ಕನ್‌ಗೂ ಅವನೇ ಗುರುತು. ಅಗ್ಗದ ಟಿಕೆಟ್ಟಿನಲ್ಲಿ ಮೊದಲ ಸಲ ವಿಮಾನ ಹತ್ತಿದವರಿಗೆ ಇದಕ್ಕಿಂತ ಒಪ್ಪುವ ಮುಖ ಬೇರೆ ಇರಲಿಲ್ಲ. ಆ ಕಂಪನಿ ಕಿಂಗ್‌ಫಿಷರ್‌ನಲ್ಲಿ ಕರಗಿದ ಮೇಲೆ ಅವನ ಚಿತ್ರವಿರುವ ಕಾಗದಪತ್ರಗಳೂ ಸಂಗ್ರಹಯೋಗ್ಯವೇ.

ಬೆಂಗಳೂರಿನ ಟ್ರಿನಿಟಿ ವೃತ್ತದ ಬಳಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಿಂದ ಇದೆ. ಅಲ್ಲಿ ಮನ್ನಣೆ ಮುಖ್ಯವಾಗಿ ಚಿತ್ರಗಳಿಗೆ, ಅದು ಸರಿಯೂ ಹೌದು. ಆದರೆ ಪಾತ್ರಗಳು ಊರೂರಿಗೆ ತಲುಪಿದ ಬಗೆಯನ್ನು ಮೂಲ ರೇಖಾಚಿತ್ರವೊಂದೇ ಹೇಳಲಾರದು. ಗಟ್ಟುವಿನ ಫಲಕ ಸಿಕ್ಕಾಗ ಅದರ ಅಳತೆ, ಅದರಲ್ಲಿರುವ ಭಾಷೆ, ಅದು ತೂಗುತ್ತಿದ್ದ ಅಂಗಡಿ ಮತ್ತು ಊರು, ಇಷ್ಟನ್ನು ಸಂಗ್ರಾಹಕರು ಬರೆದಿಟ್ಟರೂ ಮುಂದಿನ ಸಂಶೋಧಕನಿಗೆ ಒಂದು ನಕ್ಷೆ ಸಿಗುತ್ತದೆ.